ಏಳನೇ ಫ್ಯಾನಿನ ಸೊನ್ನೆ

ಏಳನೇ ಫ್ಯಾನಿನ ಬುಡದಲ್ಲಿ ಒಂಬತ್ತು ದಿನದಿಂದ ಒಂದೇ ಒಂದು ಸತ್ತ ಬಾವಲಿ ಸಿಕ್ಕಿರಲಿಲ್ಲ. ಸಂತೋಷಪಡಬೇಕಾದ ವಿಷಯ. ನನಗೆ ಮಾತ್ರ ತಲೆಯೊಳಗೆ ಹುಳ ಬಿಟ್ಟ ಹಾಗಾಗಿತ್ತು.

ನಮ್ಮ ಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿಯಂತ್ರಗಳು ಇಪ್ಪತ್ತೆರಡಿವೆ. ಕಾಗದದಲ್ಲಿ ಅವಕ್ಕೆ ಏನೇ ಹೆಸರಿರಲಿ, ನಾವೆಲ್ಲ ಫ್ಯಾನ್ ಅಂತಲೇ ಕರೆಯುವುದು. ದಿನಾ ಬೆಳಕು ಹರಿದ ಮೇಲೆ ಐದು, ಏಳು, ಒಂಬತ್ತನೇ ಫ್ಯಾನುಗಳ ಬುಡದಲ್ಲಿ ನಡೆದು, ರೆಕ್ಕೆಗೆ ಸಿಕ್ಕಿ ಬಿದ್ದ ಬಾವಲಿ, ಹಕ್ಕಿಗಳನ್ನು ಹುಡುಕುವುದು ನನ್ನ ಕೆಲಸ. ಬುಡದ ಸುತ್ತ ಜಲ್ಲಿಪುಡಿ ಹಾಸಿದ ಅಂಗಳವಿದೆ. ಆ ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಬೇಕು, ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕು, ಮತ್ತೆ ಈ ತುದಿಗೆ ಬರಬೇಕು. ಸಿಕ್ಕಿದ್ದಕ್ಕೆ ಚೀಟಿ ಕಟ್ಟಿ ಚೀಲಕ್ಕೆ ಹಾಕಿ ಹಾಳೆಯಲ್ಲಿ ಬರೆಯಬೇಕು. ಆಚೆ ಹುಲ್ಲಿನಲ್ಲಿ ಬಿದ್ದವು ಕಣ್ಣಿಗೆ ಬೀಳುವುದಿಲ್ಲ. ಅವೆಷ್ಟಿರಬಹುದು ಅನ್ನುವುದನ್ನು ಅಂಗಳದಲ್ಲಿ ಸಿಕ್ಕ ಸಂಖ್ಯೆಯಿಂದಲೇ ಬಾವಲಿ ಮೇಡಂ ಲೆಕ್ಕ ಹಾಕುತ್ತಾರೆ. ಅವರು ಸರಕಾರದ ಕಡೆಯವರು. ವಾರಕ್ಕೊಮ್ಮೆ ಬಂದು ಚೀಲಗಳನ್ನೂ ಹಾಳೆಗಳನ್ನೂ ತೆಗೆದುಕೊಂಡು ಹೋಗುತ್ತಾರೆ.

ಇದಕ್ಕೆ ಮೊದಲು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಹಾಸಿಗೆ ಬಟ್ಟೆಯ ಮಡಿಕೆಯಲ್ಲಿ ಸೂಜಿ ಉಳಿದಿದೆಯಾ ಅಂತ ನೋಡಿ ನೋಡಿ ನನ್ನ ಕಣ್ಣು ಪಳಗಿದೆ. ಆ ಕಣ್ಣಿಗಾಗಿಯೇ ಮೇಡಂ ನನ್ನನ್ನು ಆರಿಸಿದ್ದು. ಮೊದಲ ವಾರ ಅಷ್ಟು ಸಣ್ಣ ಪ್ರಾಣಿಯನ್ನು ಎತ್ತಲು ಕೈ ಹಿಂದೆ ಬರುತ್ತಿತ್ತು. ಒಂದು ಮಗುವಿನ ಕಾಲುಚೀಲದಷ್ಟೂ ಭಾರವಿರುವುದಿಲ್ಲ. ಕೆಲವಕ್ಕೆ ಮೈಮೇಲೆ ಗಾಯವೇ ಇರುವುದಿಲ್ಲ, ಮಲಗಿದ ಹಾಗೆ ಇರುತ್ತವೆ. ಒಂದು ಸಲ ಎದೆಗೆ ಮರಿ ಕಚ್ಚಿಕೊಂಡಿದ್ದ ತಾಯಿ ಸಿಕ್ಕಿತು. ಆವತ್ತಿನಿಂದ ಇದು ನನಗೆ ಬರೀ ಕೆಲಸವಾಗಿ ಉಳಿಯಲಿಲ್ಲ.

ಈ ವರ್ಷ ಒಂದು ಪರೀಕ್ಷೆ ನಡೆಯುತ್ತಿತ್ತು. ಬಾವಲಿಗಳು ಹೆಚ್ಚು ಹಾರಾಡುವುದು ಗಾಳಿ ಮೆಲ್ಲಗಿರುವ ಸಂಜೆಗಳಲ್ಲಿ. ಆ ಎರಡು ಮೂರು ತಿಂಗಳು, ಸೂರ್ಯ ಮುಳುಗಿದ ಮೇಲೆ ಗಾಳಿ ಜೋರಾಗುವ ತನಕ ಫ್ಯಾನುಗಳನ್ನು ನಿಲ್ಲಿಸಿಡಬೇಕೆಂದು ಸರಕಾರದ ಆದೇಶವಿದೆ. ಕಂಪನಿಗೆ ಅದು ಗಂಟಲ ಮುಳ್ಳು. ಏಳನೆಯದೊಂದನ್ನು ಆರು ವಾರ ನಿಲ್ಲಿಸದೆ ಓಡಿಸುತ್ತೇವೆ, ಅದರ ಕೆಳಗೆ ಬಾವಲಿ ಬೀಳದಿದ್ದರೆ ಇಪ್ಪತ್ತೆರಡನ್ನೂ ಓಡಿಸಲು ಬಿಡಿ ಎಂದು ಅವರು ಕೇಳಿದ್ದರು. ಆರು ವಾರದ ಕೊನೆಗೆ ಲೆಕ್ಕದ ಹಾಳೆಯ ಕೆಳಗೆ ಬೀಳಬೇಕಾದದ್ದು ನನ್ನ ರುಜು.

ಮೊದಲ ಎರಡು ವಾರ ಏಳರಲ್ಲಿ ದಿನಕ್ಕೆ ಎರಡು, ಮೂರು, ಒಂದು ದಿನ ಐದು ಸಿಕ್ಕವು. ಪರೀಕ್ಷೆ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಕಂಪನಿ ಮಾತ್ರ ಕೊನೆಯ ನಾಲ್ಕು ವಾರದ ಲೆಕ್ಕವನ್ನೇ ನೋಡಿ ಅಂದಿತ್ತು. ಆಮೇಲೆ ಒಂದು ಸೋಮವಾರದಿಂದ ಸೊನ್ನೆ. ನಿಲ್ಲಿಸಿಟ್ಟ ಐದು, ಒಂಬತ್ತರ ಬುಡದಲ್ಲಿ ವಾರಕ್ಕೊಂದಾದರೂ ಸಿಗುತ್ತಿತ್ತು. ಸಂಜೆಯೆಲ್ಲ ತಿರುಗುವ ಏಳರ ಬುಡ ಮಾತ್ರ ಒರೆಸಿಟ್ಟ ತಟ್ಟೆ. ಬೀದಿಬದಿಯಲ್ಲಿ ಕೂತು ತಿಂದವರೆಲ್ಲ ಗಟ್ಟಿಯಾಗಿದ್ದು ಮನೆಯಲ್ಲಿ ಬೆಚ್ಚಗೆ ಕೂತವನಿಗೇ ಹೊಟ್ಟೆ ಕೆಟ್ಟಿದೆ ಅಂದರೆ ನಂಬುವುದು ಹೇಗೆ, ಹಾಗೆ.

ಮೇಡಂಗೆ ಫೋನ್ ಮಾಡಿದೆ.

"ನಾಯಿ, ನರಿ, ಕಾಗೆ ಏನಾದ್ರೂ ಎತ್ಕೊಂಡು ಹೋಗ್ತಿರಬಹುದಮ್ಮ," ಅಂದರು. "ಪರೀಕ್ಷೆ ಮಾಡಿ ನೋಡಿ. ಐಸ್ ಪೆಟ್ಟಿಗೆಯಲ್ಲಿ ಹಳೇವಿದಾವಲ್ಲ, ಮೂರು ಏಳರಲ್ಲಿಡಿ, ಮೂರು ಒಂಬತ್ತರಲ್ಲಿಡಿ. ಗುರುತು ಮಾಡಿ. ಯಾರಿಗೂ ಹೇಳ್ಬೇಡಿ."

"ಯಾರಿಗೂ ಅಂದ್ರೆ?"

"ಯಾರಿಗೂ ಅಂದ್ರೆ ಮನೇಲೂ."

ಅವರು ಹಾಗೆ ಒತ್ತಿ ಹೇಳಲು ಕಾರಣವಿತ್ತು. ನನ್ನ ಅಳಿಯಂದಿರು ಅದೇ ಗುಡ್ಡದಲ್ಲಿ ಟೆಕ್ನಿಷಿಯನ್. ಆರು, ಏಳು, ಎಂಟು ಅವರ ಫ್ಯಾನುಗಳು. ಮಗಳು, ಅಳಿಯ, ನಾನು ಮೂವರೂ ಒಂದೇ ಮನೆಯಲ್ಲಿರುವುದು. ಕೆಲಸಕ್ಕೆ ಸೇರುವಾಗ ಹುಡುಕುವವರ ಕೈಯಲ್ಲಿ ಒಂದು ಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತಾರೆ, ಏನು ಸಿಕ್ಕಿತು ಅಂತ ಯಂತ್ರದವರಿಗೆ ಹೇಳಬಾರದು. ಯಂತ್ರದವರ ಕೈಯಲ್ಲೂ ಹಾಕಿಸುತ್ತಾರೆ, ಯಂತ್ರದ ವಿಷಯ ಹುಡುಕುವವರಿಗೆ ಹೇಳಬಾರದು. ಒಬ್ಬರ ಲೆಕ್ಕ ಇನ್ನೊಬ್ಬರ ಮಾತಿನಿಂದ ಕೆಡಬಾರದಂತೆ. ಬೇರೆಯವರು ರುಜು ಹಾಕಿ ಮರೆತರು. ನಮ್ಮ ಮನೆಯಲ್ಲಿ ಮರೆಯಲಿಲ್ಲ, ಯಾಕೆಂದರೆ ಅಳಿಯಂದಿರು ಮರೆಯುವ ಪೈಕಿಯಲ್ಲ.

ಅವರಿಗೆ ಸೈಟಿನಲ್ಲಿ ಇಟ್ಟಿರುವ ಹೆಸರು ಟಿಕ್ ಸಾಹೇಬರು. ಏನು ಮಾಡಿದರೂ ಪಟ್ಟಿಯಲ್ಲಿ ಟಿಕ್ ಹಾಕಬೇಕು. ನಮ್ಮ ಅಡುಗೆಮನೆಯ ಬಾಗಿಲಿಗೂ ಒಂದು ಪಟ್ಟಿ ಅಂಟಿಸಿದ್ದಾರೆ. ಗ್ಯಾಸ್ ಆಫ್, ಹಿಂಬಾಗಿಲು ಚಿಲಕ, ನಲ್ಲಿ. ಮಲಗುವ ಮೊದಲು ಟಿಕ್. ಪಕ್ಕದಲ್ಲಿ 'ಷರಾ' ಅಂತ ಒಂದು ಕಾಲಂ ಬೇರೆ. ಒಂದು ದಿನ ಅಲ್ಲಿ 'ನಲ್ಲಿ ನಿಮಿಷಕ್ಕೆ ಆರು ಹನಿ' ಅಂತ ಬರೆದಿದ್ದರು.

"ಮದುವೆ ಆದ ದಿನ ನನ್ನ ಹೆಸರಿನ ಮುಂದೂ ಟಿಕ್ ಹಾಕಿರ್ತಾರೆ ಅಮ್ಮ," ಅನ್ನುತ್ತಾಳೆ ಮಗಳು.

"ಷರಾ ಏನು ಬರೆದಿದ್ದಾರೋ ಕೇಳು," ಅನ್ನುತ್ತೇನೆ ನಾನು.

ಇಂಥ ಮನುಷ್ಯನ ಜೊತೆ ಎರಡು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದರೂ ಗುಡ್ಡದ ಒಂದು ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ.

ಆಸ್ಪತ್ರೆಯಲ್ಲಿ ಬಟ್ಟೆಗೆ ಗುರುತು ಹಾಕುತ್ತಿದ್ದುದು ದಾರದಿಂದ. ಜ್ವರದ ವಾರ್ಡಿಗೆ ಕೆಂಪು, ಹೆರಿಗೆಗೆ ನೀಲಿ. ಎಷ್ಟು ಕುದಿಸಿದರೂ ಬಿಚ್ಚದ ಗಂಟು ಹಾಕಬೇಕು. ಎರಡು ಸುತ್ತು, ಒಂದು ಬಾಲ ಗಿಡ್ಡ, ಒಂದು ಉದ್ದ. ಅದು ನನ್ನ ಗಂಟು. ಆರು ಬಾವಲಿಗಳ ಕಾಲಿಗೆ ಕೆಂಪು ದಾರದ ಉಂಗುರ ಕಟ್ಟಿದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಏಳರಲ್ಲಿ ಮೂರು, ಒಂಬತ್ತರಲ್ಲಿ ಮೂರು ಇಟ್ಟು ಬಂದೆ.

ಮರುದಿನ ಬೆಳಿಗ್ಗೆ ಒಂಬತ್ತರಲ್ಲಿ ಮೂರೂ ಇದ್ದವು. ಒಂದಕ್ಕೆ ಇರುವೆ ಮುತ್ತಿತ್ತು, ಒಂದನ್ನು ಏನೋ ಒಂದು ಮಾರು ಎಳೆದಿತ್ತು. ಏಳರಲ್ಲಿ ಮೂರೂ ಇಲ್ಲ.

ಪ್ರಾಣಿ ತಿಂದರೆ ಏನಾದರೂ ಬಿಡುತ್ತದೆ. ಕಾಗೆಯಂತೂ ಗಲೀಜು ಮಾಡದೆ ತಿನ್ನುವುದಿಲ್ಲ. ಒಂದು ಚೂರು ರೆಕ್ಕೆಯಿಲ್ಲ, ಒಂದು ಕೂದಲಿಲ್ಲ. ಬಗ್ಗಿ ನೋಡಿದೆ. ಏಳುತ್ತಿದ್ದ ಬಿಸಿಲು ಜಲ್ಲಿಯ ಮೇಲೆ ಅಡ್ಡ ಬಿದ್ದಿತ್ತು. ಪುಡಿಯ ಮೇಲೆ ಸಾಲು ಸಾಲಾಗಿ ಬಾಗಿದ ಗೆರೆಗಳು. ಪೊರಕೆಯ ಗೆರೆ. ಯಾರೋ ಗುಡಿಸಿದ್ದಾರೆ. ಒಂಬತ್ತಕ್ಕೂ ಐದಕ್ಕೂ ಹೋಗಿ ನೋಡಿದೆ. ಅಲ್ಲಿ ನನ್ನ ನಿನ್ನೆಯ ಚಪ್ಪಲಿ ಗುರುತು ಇನ್ನೂ ಹಾಗೇ ಇತ್ತು.

ಮತ್ತೆ ಏಳಕ್ಕೆ ಬಂದೆ. ನೆಲ ಗುಡಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಲಗೈಯವರ ಗೆರೆ ಒಂದು ಕಡೆಗೆ ಬಾಗುತ್ತದೆ, ಎಡಗೈಯವರದು ಇನ್ನೊಂದು ಕಡೆಗೆ. ಇದು ಎಡಗೈ. ಆ ಗುಡ್ಡದಲ್ಲಿ ಎಡಗೈಯವರು ಎಷ್ಟು ಜನವೋ ನನಗೆ ಗೊತ್ತಿಲ್ಲ. ನಮ್ಮ ಮೇಜಿನಲ್ಲಿ ಒಬ್ಬರಿದ್ದಾರೆ.

ಆ ಯೋಚನೆಯನ್ನು ಅಲ್ಲೇ ತುಳಿದು ಸೈಟ್ ಮ್ಯಾನೇಜರ ಕೋಣೆಗೆ ಹೋದೆ. ಅವರು ನನಗೆ ಕುರ್ಚಿ ಎಳೆದು ಕೊಟ್ಟರು. ಎರಡು ವರ್ಷದಲ್ಲಿ ಮೊದಲ ಸಲ. ಚಹಾ ತರಿಸಿದರು. ನನ್ನ ಮಂಡಿನೋವು ಹೇಗಿದೆ ಅಂತ ಕೇಳಿದರು. ನನಗೆ ಮಂಡಿನೋವು ಇರುವುದು ಇವರಿಗೆ ಯಾರು ಹೇಳಿದರು ಅಂತ ಆಗಲೇ ಅನಿಸಿತು.

"ಸರ್, ಏಳರಲ್ಲಿ ಬಾವಲಿ ಸಿಗ್ತಾ ಇಲ್ಲ."

"ಒಳ್ಳೇ ಸುದ್ದಿ ಅಲ್ವೇನಮ್ಮ. ಸಿಗಲಿ ಅಂತ ಆಸೇನಾ ನಿಮಗೆ?"

"ಬೀಳದೇ ಇದ್ರೆ ಸಂತೋಷ. ಬಿದ್ದದ್ದನ್ನ ಯಾರೋ ಎತ್ತಿದ್ರೆ ಬೇರೆ ಮಾತು."

ಅವರ ಚಮಚ ಲೋಟದಲ್ಲಿ ನಿಂತಿತು. ಮತ್ತೆ ತಿರುಗಿತು.

"ಯಾರು ಎತ್ತಿದ್ದು ಹೇಳಿ. ಹೆಸರು ಬರೆದುಕೊಡಿ. ಪರೀಕ್ಷೆ ಕೆಡಿಸೋದು ಅಂದ್ರೆ ಸಣ್ಣ ತಪ್ಪಲ್ಲ. ಅವನು ಯಾರೇ ಆಗಿರಲಿ, ಅವತ್ತೇ ಮನೆಗೆ ಕಳಿಸ್ತೀನಿ." ಆಮೇಲೆ ನನ್ನ ಮುಖ ನೋಡುತ್ತಾ ಮೆಲ್ಲಗೆ ಹೇಳಿದರು, "ಯಾರೇ ಆಗಿರಲಿ."

ನಾನು ಚಹಾ ಮುಗಿಸದೆ ಎದ್ದೆ. ಗೇಟಿನಲ್ಲಿ ಕಾವಲಿರುವ ತಾತನನ್ನು ದಾರಿಯಲ್ಲಿ ಕೇಳಿದೆ, ಮುಂಜಾನೆ ಎಲ್ಲರಿಗಿಂತ ಮೊದಲು ಒಳಗೆ ಹೋಗುವವರು ಯಾರು ಅಂತ.

"ನಿಮ್ಮನೆ ಟಿಕ್ ಸಾಹೇಬ್ರೇ," ಅಂದ. "ಎರಡು ವಾರದಿಂದ ನನ್ನ ನಿದ್ದೆ ಹಾಳು ಮಾಡಿಟ್ಟಿದಾರೆ. ಮೊದಲು ಆರಕ್ಕೆ ಬರ್ತಿದ್ರು, ಈಗ ಐದಕ್ಕೆಲ್ಲ ಬಂದು ಗೇಟ್ ತೆಗಿ ಅಂತಾರೆ. ಬಂದ ಟೈಮು ಅವರೇ ಬರ್ಕೋತಾರೆ, ನನ್ನ ಕೈಗೆ ಪೆನ್ನೂ ಕೊಡಲ್ಲ."

ಅವರು ಬೇಗ ಹೋಗುವುದು ಮನೆಯಲ್ಲೂ ಗೊತ್ತಾಗಿತ್ತು. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಮಗಳು ಆ ಸಂಜೆ ತರಕಾರಿ ಹೆಚ್ಚುತ್ತಾ ಅದನ್ನೇ ಎತ್ತಿದಳು.

"ಅಮ್ಮ, ಇವರು ನಾಲ್ಕೂವರೆಗೆ ಎದ್ದು ಹೋಗ್ತಾರಲ್ಲ, ಎಲ್ಲಿಗೆ?"

"ಕೆಲಸಕ್ಕೆ."

"ಏನು ಕೆಲಸ ಅಂತ ಕೇಳಿದ್ರೆ ಹೇಳೋ ಹಾಗಿಲ್ಲ ಅಂತಾರೆ. ಯಾರಾದ್ರೂ ಇರಬಹುದಾ?"

"ಬೆಳಗಿನ ಜಾವ ಐದು ಗಂಟೆಗೆ ಯಾವ ಹೆಂಗಸು ತಲೆ ಬಾಚ್ಕೊಂಡು ಕಾಯ್ತಾ ಕೂತಿರ್ತಾಳೆ? ಸುಮ್ನೆ ಹೆಚ್ಚು."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಹೆಂಗಸೊಬ್ಬಳಿದ್ದಿದ್ದರೆ ಎಷ್ಟೋ ವಾಸಿಯಿತ್ತು ಅಂತ ಒಂದು ಕ್ಷಣ ಅನಿಸಿದ್ದು ನಿಜ. ಅದಕ್ಕೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು.

ಮಾರನೇ ದಿನ ರಜೆ. ಬಟ್ಟೆ ಒಗೆಯಲು ಕೂತೆ. ಒಗೆಯುವ ಮೊದಲು ಜೇಬು, ಮಡಿಕೆ ತಡಕುವುದು ನನ್ನ ಕೈಗೆ ಹತ್ತಿದ ರೂಢಿ. ಅಳಿಯಂದಿರ ಕೆಲಸದ ಪ್ಯಾಂಟಿನ ಕೆಳಗಿನ ಮಡಿಕೆಯಲ್ಲಿ ಜಲ್ಲಿಪುಡಿ ತುಂಬಿತ್ತು. ಕೊಡವಿದೆ. ಪುಡಿಯ ಜೊತೆ ಒಂದು ಕೆಂಪು ದಾರದ ಉಂಗುರ ಬಿತ್ತು. ಎರಡು ಸುತ್ತು, ಒಂದು ಬಾಲ ಗಿಡ್ಡ, ಒಂದು ಉದ್ದ.

ಆಸ್ಪತ್ರೆಯಲ್ಲಿ ನಮಗೊಂದು ನಿಯಮವಿತ್ತು. ಜೇಬಿನಲ್ಲಿ ಸಿಕ್ಕಿದ್ದನ್ನು ಪೊಟ್ಟಣ ಕಟ್ಟಿ, ಹಾಸಿಗೆಯ ನಂಬರು ಬರೆದು ಕೊಟ್ಟುಬಿಡಬೇಕು. ಯಾಕಿತ್ತು, ಯಾರದು, ಕೇಳಬಾರದು. ಇಪ್ಪತ್ತೆರಡು ವರ್ಷ ಕೇಳಿರಲಿಲ್ಲ. ಕಂಡವರ ಪ್ರೇಮಪತ್ರ, ಬಾಟಲಿ ಮುಚ್ಚಳ, ಒಂದು ಸಲ ಹಲ್ಲಿನ ಸೆಟ್ಟು, ಎಲ್ಲ ನನ್ನ ಕೈಮೇಲೆ ಹೋಗಿವೆ. ಬಚ್ಚಲ ಕಟ್ಟೆಯ ಮೇಲೆ ಕೂತು ಆ ಉಂಗುರವನ್ನು ಬೆರಳಲ್ಲಿ ತಿರುಗಿಸುತ್ತಾ ನೀರು ತಣ್ಣಗಾಗುವ ತನಕ ಕೂತಿದ್ದೆ.

ಪರೀಕ್ಷೆ ಮುಗಿಯಲು ಇನ್ನು ಎರಡು ವಾರಕ್ಕೆ ಸ್ವಲ್ಪ ಹೆಚ್ಚು ಉಳಿದಿತ್ತು. ಸೊನ್ನೆಗಳಿಗೆ ರುಜು ಹಾಕಿದರೆ ಇಪ್ಪತ್ತೆರಡು ಫ್ಯಾನುಗಳೂ ಸಂಜೆಯೆಲ್ಲ ತಿರುಗುತ್ತವೆ, ಎದೆಗೆ ಮರಿ ಕಚ್ಚಿಕೊಂಡವು ಉದುರುತ್ತಲೇ ಇರುತ್ತವೆ. ಹೆಸರು ಬರೆದುಕೊಟ್ಟರೆ ಮಗಳ ಗಂಡನನ್ನು ನಾನೇ ಕೆಲಸದಿಂದ ತೆಗೆಸಿದ ಹಾಗೆ. ಅದೂ ಕಳ್ಳ ಅಂತ ಹಣೆಪಟ್ಟಿ ಕಟ್ಟಿಸಿ. ಅವಳು ನನ್ನ ಜೊತೆ ಮತ್ತೆ ಮಾತಾಡುತ್ತಾಳಾ?

ರಾತ್ರಿ ಊಟದಲ್ಲಿ ಅವರನ್ನೇ ನೋಡುತ್ತಿದ್ದೆ. ಮೊಟ್ಟೆಯ ಸಿಪ್ಪೆ ಬಿಡಿಸಿ ಒಂದೇ ಕಡೆ ಗುಡ್ಡೆ ಮಾಡುತ್ತಿದ್ದರು, ಒಂದು ಚೂರೂ ಆಚೆ ಬೀಳದ ಹಾಗೆ. ಇಷ್ಟು ಚೊಕ್ಕವಾಗಿ ಬಾವಲಿಯನ್ನೂ ಗುಡಿಸಿರಬೇಕು ಅನಿಸಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಅತ್ತೆ, ಹುಷಾರಿಲ್ವಾ?"

"ಏನಿಲ್ಲ. ಮಂಡಿ ಸ್ವಲ್ಪ."

"ನಮ್ಮ ಸೈಟ್ ಮ್ಯಾನೇಜರೂ ಕೇಳ್ತಿದ್ರು, ನಿಮ್ಮತ್ತೆ ಮಂಡಿ ಹೇಗಿದೆ ಅಂತ," ಅಂದವರು, ತಕ್ಷಣ ನಾಲಿಗೆ ಕಚ್ಚಿಕೊಂಡರು. ಗುಡ್ಡದ ಮಾತು ಬಾಯಿಗೆ ಬಂದುಬಿಟ್ಟಿತ್ತು.

ನನ್ನ ಮಂಡಿಯ ಸುದ್ದಿ ಇವರಿಂದಲೇ ಹೋದದ್ದು. ಇನ್ನೇನೇನು ಹೋಗಿದೆಯೋ. ಆ ಕೋಣೆಯಲ್ಲಿ ಇವರಿಗೂ ಕುರ್ಚಿ ಎಳೆದು ಚಹಾ ಕೊಟ್ಟಿದ್ದಾರಾ? ಹೆಸರು ಬರೆಯುವುದಾದರೆ ಕಣ್ಣಾರೆ ನೋಡಿ ಬರೆಯಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ಆ ಊಟದ ಮೇಜಿನಲ್ಲೇ ನಿರ್ಧಾರ ಮಾಡಿದೆ.

ಮರುದಿನ ಸೈಟಿನ ವ್ಯಾನಿಗೆ ಕಾಯಲಿಲ್ಲ. ಹಾಲಿನ ವ್ಯಾನಿನವನನ್ನು ಕೇಳಿಕೊಂಡು ಐದೂಕಾಲಿಗೆ ಗುಡ್ಡದ ಕೆಳಗೆ ಇಳಿದೆ. ಗುಡ್ಡ ಹತ್ತಿ ಬರುವ ಹೊತ್ತಿಗೆ ಪೂರ್ವದಲ್ಲಿ ಬೂದು ಬೆಳಕು. ಏಳನೇ ಫ್ಯಾನಿನ ಬುಡದ ಬಾಗಿಲು ತೆರೆದಿತ್ತು, ಒಳಗಿನ ದೀಪ ಅಂಗಳಕ್ಕೆ ಚೆಲ್ಲಿತ್ತು. ಅಳಿಯಂದಿರು ತಲೆಗೆ ಹೆಲ್ಮೆಟ್ ಹಾಕಿಕೊಂಡು ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸುತ್ತಿದ್ದರು. ಎಡಗೈ ಮೇಲೆ. ಪಕ್ಕದಲ್ಲಿ ಕಪ್ಪು ಚೀಲ. ಗುಡಿಸುತ್ತಾ ಗುಡಿಸುತ್ತಾ ನಿಂತರು, ಬಗ್ಗಿ ಏನನ್ನೋ ಎತ್ತಿದರು, ಬೆಳಕಿಗೆ ಹಿಡಿದು ನೋಡಿದರು, ಚೀಲಕ್ಕೆ ಹಾಕಿದರು. ಆಮೇಲೆ ಕಿವಿಯ ಹಿಂದಿನಿಂದ ಪೆನ್ನು ತೆಗೆದರು.

ಆ ಪೆನ್ನು ನೋಡಿ ನನ್ನ ಕಾಲು ನಿಂತುಬಿಟ್ಟಿತು. ಕದಿಯುವವರು ಬರೆದುಕೊಳ್ಳುತ್ತಾರಾ?

"ಅಳಿಯಂದ್ರೇ."

ಅವರು ಬೆಚ್ಚಿಬೀಳಲಿಲ್ಲ. ಗಡಿಯಾರ ನೋಡಿದರು.

"ಅತ್ತೆ, ನೀವು ಬೆಳಕಾದ ಮೇಲಲ್ವಾ ಬರಬೇಕಾದ್ದು?"

"ನೀವೇನು ಮಾಡ್ತಿದ್ದೀರಿ ಅಂತ ಹೇಳಿ."

"ಹೇಳೋ ಹಾಗಿಲ್ಲ, ಅತ್ತೆ."

"ಹೇಳಬೇಡಿ. ಕಣ್ಣಿಗೆ ಕಾಣ್ತಾ ಇದೆ. ಇದನ್ನ ನೋಡಿ." ಕೆಂಪು ದಾರದ ಉಂಗುರವನ್ನು ಅಂಗೈಯಲ್ಲಿಟ್ಟು ಮುಂದೆ ಹಿಡಿದೆ. "ನಿಮ್ಮ ಪ್ಯಾಂಟಿನ ಮಡಿಕೆಯಲ್ಲಿತ್ತು. ಇದನ್ನ ಕಟ್ಟಿದ್ದು ನಾನು."

ಅವರು ಬಗ್ಗಿ ನೋಡಿದರು. ಅವರ ಮುಖದಲ್ಲಿ ಭಯಕ್ಕಾಗಿ ಹುಡುಕಿದೆ. ಕಂಡದ್ದು ಸಮಾಧಾನ. ಲೆಕ್ಕ ಸರಿಹೋದವರ ಸಮಾಧಾನ.

"ಓ, ಇದು ನಿಮ್ದಾ? ಮೂರರಲ್ಲಿ ಒಂದರ ದಾರ ಬಿದ್ದುಹೋಗಿತ್ತು. ಎಲ್ಲೋಯ್ತು ಅಂತ ಅವತ್ತೆಲ್ಲ ಹುಡುಕಿದೀನಿ." ಒಳಗೆ ಹೋಗಿ ಒಂದು ದಪ್ಪ ಪುಸ್ತಕ ತಂದರು. ದಿನಕ್ಕೊಂದು ಹಾಳೆ, ಅಡಿಯಲ್ಲಿ ಕಾರ್ಬನ್ ಇಟ್ಟ ಇನ್ನೊಂದು ಹಳದಿ ಹಾಳೆ. "ನೋಡೋದಾದ್ರೆ ನೀವೇ ನೋಡಿ. ನಾನು ಹೇಳಿದ ಹಾಗಾಗಲ್ಲ."

ಅದು ಯಂತ್ರ ತಪಾಸಣೆಯ ಪಟ್ಟಿ. ಎಣ್ಣೆ, ಬೋಲ್ಟು, ದೀಪ, ಬೀಗ ಅಂತ ಹದಿಮೂರು ಸಾಲು. ಹದಿನಾಲ್ಕನೆಯದು ಹೀಗಿತ್ತು: ಬುಡದ ಅಂಗಳ ಸೂರ್ಯೋದಯಕ್ಕೆ ಮೊದಲು ಗುಡಿಸಿ, ಕಸವನ್ನು ಚೀಲಕ್ಕೆ ಹಾಕಿದೆ. ಮುಂದೆ ಟಿಕ್. ಅದರ ಮುಂದೆ ಷರಾ ಕಾಲಂ. ಅಳಿಯಂದಿರ ಮುತ್ತಿನಂಥ ಅಕ್ಷರ: 'ಒಣ ಎಲೆ. ಬಾವಲಿ 4. ಸಣ್ಣ ಹಕ್ಕಿ 1.'

ಹಿಂದಿನ ಹಾಳೆ ತಿರುವಿದೆ. ಬಾವಲಿ 2. ಬಾವಲಿ 5. ಬಾವಲಿ 3. ಒಂದು ದಿನದ ಷರಾ ಹೀಗಿತ್ತು: 'ಬಾವಲಿ 6. ಅದರಲ್ಲಿ 3ಕ್ಕೆ ಕಾಲಿಗೆ ಕೆಂಪು ದಾರ (ಒಂದರದ್ದು ಕಳಚಿದೆ), ಕಾರಣ ತಿಳಿಯದು.'

ಎರಡು ವಾರದಿಂದ ನಾನು ಹುಡುಕುತ್ತಿದ್ದ ಬಾವಲಿಗಳೆಲ್ಲ ಈ ಪುಸ್ತಕದಲ್ಲಿದ್ದವು. ರಾತ್ರಿ ಇದೇ ಮನುಷ್ಯ ನನ್ನೆದುರು ಮೊಟ್ಟೆ ಸುಲಿಯುತ್ತಿದ್ದರು, ನಾನು ನೀರಿನ ಜಗ್ಗು ದಾಟಿಸುತ್ತಿದ್ದೆ, ಇಬ್ಬರೂ ರುಜು ಹಾಕಿದ ಮಾತಿಗೆ ಕಟ್ಟುಬಿದ್ದು ತುಟಿ ಬಿಚ್ಚಿರಲಿಲ್ಲ.

"ಇದನ್ನ ಮೇಡಂಗೆ ಯಾಕೆ ಕೊಡಲಿಲ್ಲ?"

"ಬಿಳಿ ಹಾಳೆ ಆಫೀಸಿಗೆ ಹೋಗುತ್ತೆ. ಅಲ್ಲಿಂದ ಮೇಡಂಗೆ ಹೋಗುತ್ತೆ ಅಂದ್ಕೊಂಡಿದ್ದೆ. ಹೊಸ ಸಾಲು ಬಂದ ದಿನಾನೇ ಮ್ಯಾನೇಜರ್‌ನ ಕೇಳಿದೆ, ಬಾವಲಿ ಸಿಕ್ರೆ ಏನು ಮಾಡ್ಲಿ ಅಂತ. ಕಸ ಅಂದ್ರೆ ಕಸ, ನಿನಗಷ್ಟು ಕಷ್ಟ ಆದ್ರೆ ಷರಾದಲ್ಲಿ ಬರ್ಕೋ ಅಂತ ನಕ್ರು. ಬರೆದೆ." ಆಮೇಲೆ ಕೇಳಿದರು, "ನೀವು ಏಳಕ್ಕೂ ಬರ್ತೀರಾ? ಇಲ್ಲಿ ನಾನು ಎತ್ತುತ್ತೀನಿ ಅಂತ ನಿಮ್ಮನ್ನ ಬಿಡಿಸಿದಾರೆ ಅಂದ್ಕೊಂಡೆ. ಹೇಗೂ ನಿಮಗೆ ಮಂಡಿನೋವಲ್ವಾ."

"ಈ ಹದಿನಾಲ್ಕನೇ ಸಾಲು ಆರಕ್ಕಿದೆಯಾ? ಎಂಟಕ್ಕೆ?"

"ಅಲ್ಲಿ ಹದಿಮೂರೇ."

"ಯಾಕೆ ಅಂತ ಕೇಳಲಿಲ್ವಾ?"

"ಪಟ್ಟಿಯಲ್ಲಿದ್ದರೆ ಮಾಡಬೇಕು, ಇಲ್ಲದಿದ್ರೆ ಇಲ್ಲ." ಅಂದವರು ಹಾಳೆಯನ್ನೇ ನೋಡುತ್ತಾ ನಿಂತರು. ಬೆಳಕು ಹೆಚ್ಚುತ್ತಿತ್ತು. ಅವರ ಕಿವಿ ಕೆಂಪಾಗುವುದು ಕಂಡಿತು. "ನನ್ನ ಕೈಲೇ ಮಾಡಿಸಿದ್ರಾ, ಅತ್ತೆ?"

"ನನಗೇನು ಗೊತ್ತು. ಹದಿಮೂರರ ಕೆಳಗೆ ಸಾಲು ಸೇರಿಸಿದವರನ್ನ ಕೇಳಬೇಕು. ಈಗ ಆ ಹಳದಿ ಹಾಳೆಗಳನ್ನ ನನಗೆ ಕೊಡಿ."

ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. "ಇದು ಫ್ಯಾನಿನಿಂದ ಹೊರಗೆ ಹೋಗೋ ಹಾಗಿಲ್ಲ."

"ಅಳಿಯಂದ್ರೇ, ಬಿಳಿ ಹಾಳೆ ಯಾರ ಕೈಲಿದೆ ಅಂತ ಯೋಚನೆ ಮಾಡಿ. ನಾಳೆ ಇದೂ ಇರಲ್ಲ. ಆಮೇಲೆ ಬಾವಲಿ ಎತ್ತಿದ್ದು ಯಾರು ಅಂದ್ರೆ, ನೀವು. ಹೇಳಿದ್ದು ಯಾರು ಅಂದ್ರೆ, ಯಾರೂ ಇಲ್ಲ."

ಅವರಿಗೆ ಅರ್ಥವಾಯಿತು. ಆದರೂ ಕೈ ಸಡಿಲಿಸಲಿಲ್ಲ. ಪರದಾಡುತ್ತಿದ್ದರು, ನನಗೆ ಕನಿಕರವೂ ಬಂತು, ಎರಡು ಬಿಗಿಯೋಣ ಅಂತಲೂ ಅನಿಸಿತು.

"ಪುಸ್ತಕ ಹೊರಗೆ ಹೋಗೋ ಹಾಗಿಲ್ಲ ಅಂದ್ರೆ ಮೇಡಂ ಒಳಗೆ ಬರೋ ಹಾಗಿದೆಯಾ?" ಅಂದೆ.

ಅವರು ಯೋಚಿಸಿದರು. "ಹೆಲ್ಮೆಟ್ ಹಾಕ್ಕೊಂಡು, ಬಂದವರ ಪುಸ್ತಕದಲ್ಲಿ ರುಜು ಹಾಕಿದ್ರೆ ಬರಬಹುದು."

ಮೇಡಂಗೆ ಫೋನ್ ಮಾಡಿದೆ. ಎಂಟೂವರೆಗೆ ಅವರ ಕಾರು ಬಂತು. ಅಷ್ಟು ಹೊತ್ತೂ ನಾನು ಆ ಬಾಗಿಲ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಐದು, ಒಂಬತ್ತಕ್ಕೆ ಹೋಗುವ ಹೊತ್ತು ಮೀರಿತು, ಮೀರಲಿ ಅಂದುಕೊಂಡೆ. ಮೇಡಂ ಹೆಲ್ಮೆಟ್ ಹಾಕಿ, ರುಜು ಹಾಕಿ, ಮೊದಲು ಕಪ್ಪು ಚೀಲ ಬಿಚ್ಚಿ ನಾಲ್ಕು ಬಾವಲಿಗಳನ್ನೂ ಹಕ್ಕಿಯನ್ನೂ ಎಣಿಸಿದರು. ಹಾಳೆಯಲ್ಲಿದ್ದಷ್ಟೇ ಇದ್ದವು. ಆಮೇಲೆ ಕೆಂಪು ದಾರದ ಷರಾ ಓದಿ, ನನ್ನ ಕಡೆ ತಿರುಗಿ, "ಮೂರು ಇಟ್ಟಿರಿ, ಮೂರನ್ನೂ ಬರೆದಿದ್ದಾರೆ. ಇದಕ್ಕಿಂತ ಸಾಕ್ಷಿ ಬೇಕಾ?" ಅಂದರು. ಪ್ರತಿ ಹಳದಿ ಹಾಳೆಯ ಫೋಟೋ ತೆಗೆಯತೊಡಗಿದರು.

ಅರ್ಧ ಆಗಿತ್ತು. ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಮ್ಯಾನೇಜರ ಜೀಪು.

ಇಳಿದವರು ಮೇಡಂಗೆ ನಮಸ್ಕಾರ ಮಾಡಿದರು, ನನ್ನನ್ನು ನೋಡಲಿಲ್ಲ, ನೇರ ಅಳಿಯಂದಿರ ಮುಂದೆ ಕೈ ಚಾಚಿದರು.

"ಆ ಪುಸ್ತಕ ಕೊಡಪ್ಪ. ಅದು ತಪ್ಪು ಫಾರ್ಮು. ಬೇರೆ ಸೈಟಿಂದು ಇಲ್ಲಿಗೆ ಬಂದ್ಬಿಟ್ಟಿದೆ. ಅದನ್ನ ತಗೊಂಡು ಹೋಗೋಣ ಅಂತಾನೇ ಬಂದೆ."

ಎಲ್ಲರೂ ಅಳಿಯಂದಿರನ್ನು ನೋಡಿದೆವು. ಇಷ್ಟು ವರ್ಷ ಹೇಳಿದ್ದನ್ನು ಮಾಡಿಕೊಂಡು ಬಂದ ಮನುಷ್ಯ. ಒಂದು ಪಟ್ಟಿ ಕೊಟ್ಟರೆ ಟಿಕ್ ಹಾಕುವ ಮನುಷ್ಯ.

"ಕೊಡ್ತೀನಿ, ಸರ್," ಅಂದರು.

ನಾನು ಕಣ್ಣು ಮುಚ್ಚಿಕೊಂಡೆ.

"ಹಸ್ತಾಂತರದ ಪುಸ್ತಕದಲ್ಲಿ ರುಜು ಬೇಕು, ಸರ್. ಇಲ್ಲಿ. ತಾರೀಖು, ಎಷ್ಟು ಹಾಳೆ, ಯಾತಕ್ಕೆ ತಗೊಂಡು ಹೋಗ್ತೀರಿ ಅನ್ನೋ ಕಾರಣ. ತಪ್ಪು ಫಾರ್ಮು ಅಂತಾನೇ ಬರೀರಿ. ಯಾವ ಸೈಟಿಂದು ಅಂತ ಷರಾದಲ್ಲಿ ಬರೆದ್ರೆ ಒಳ್ಳೇದು." ಪೆನ್ನಿನ ಮುಚ್ಚಳ ತೆಗೆದು ಅವರ ಮುಂದೆ ಹಿಡಿದರು.

ಮ್ಯಾನೇಜರು ಪೆನ್ನು ನೋಡಿದರು. ಮೇಡಂ ಕೈಯಲ್ಲಿದ್ದ ಫೋನು ನೋಡಿದರು. ತೆರೆದ ಪುಸ್ತಕದ ಖಾಲಿ ಗೆರೆ ನೋಡಿದರು. ಗಾಳಿಗೆ ಹಾಳೆಯ ತುದಿ ಪಟಪಟ ಬಡಿಯುತ್ತಿತ್ತು.

"ಆಮೇಲೆ ನೋಡೋಣ," ಅಂದು ಜೀಪು ಹತ್ತಿದರು.

ಅಳಿಯಂದಿರು ಆ ಗೆರೆಯಲ್ಲಿ ಒಂದು ಅಡ್ಡಗೀಟು ಎಳೆದರು. "ತಗೊಳ್ಳಲಿಲ್ಲ," ಅಂತ ಬರೆದು, ವೇಳೆ ಹಾಕಿ, ಪೆನ್ನಿಗೆ ಮುಚ್ಚಳ ಹಾಕಿದರು.

ಆ ಸಂಜೆಯಿಂದಲೇ ಏಳನೇ ಫ್ಯಾನನ್ನು ಗಾಳಿ ಜೋರಾಗುವ ತನಕ ನಿಲ್ಲಿಸಿಡಲು ಮೇಡಂ ಆದೇಶ ತಂದರು. ಪರೀಕ್ಷೆ ರದ್ದಾಯಿತು. ಫಾರ್ಮು ಅಚ್ಚು ಹಾಕಿದವರ ತಪ್ಪು ಅಂತ ಕಂಪನಿ ಉತ್ತರ ಕೊಟ್ಟಿತು. ಅಚ್ಚು ಹಾಕಿದವರು ಏನು ಉತ್ತರ ಕೊಟ್ಟರೋ ನನಗೆ ಗೊತ್ತಿಲ್ಲ. ಮ್ಯಾನೇಜರು ಅದೇ ಕೋಣೆಯಲ್ಲಿ ಅದೇ ಕುರ್ಚಿಯಲ್ಲಿದ್ದಾರೆ, ನನಗೆ ಮಾತ್ರ ಕುರ್ಚಿ ಎಳೆದು ಕೊಡುವುದು ನಿಂತಿದೆ. ಅಳಿಯಂದಿರ ಕೆಲಸ ಉಳಿಯಿತು. ಬರೆದಿಟ್ಟವರನ್ನು ಕಳ್ಳ ಅನ್ನುವುದು ಕಷ್ಟ.

ಆ ದಿನ ಸಂಜೆ ನಾವಿಬ್ಬರೂ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ನಿಂತು ಇಬ್ಬರ ಮುಖವನ್ನೂ ನೋಡಿದಳು.

"ಏನಾಯ್ತು?"

"ಹೇಳೋ ಹಾಗಿಲ್ಲ," ಅಂದರು ಅಳಿಯಂದಿರು.

"ಐದು ಗಂಟೆಗೆ ಯಾರೂ ಕಾಯ್ತಿರಲಿಲ್ಲ ಅಷ್ಟೇ, ಗುಡಿಸ್ತಿದ್ರು," ಅಂದೆ ನಾನು. "ಇನ್ಮೇಲೆ ಮನೇಲೂ ಪೊರಕೆ ಅವರ ಕೈಗೇ ಕೊಡು. ಚೆನ್ನಾಗಿ ಗುಡಿಸ್ತಾರೆ."

ಅವಳು ಸೊಂಟಕ್ಕೆ ಕೈಯಿಟ್ಟುಕೊಂಡು ಗಂಡನನ್ನು ನೋಡಿದಳು. ಅವರು ಅಡುಗೆಮನೆ ಬಾಗಿಲ ಪಟ್ಟಿಯ ಕಡೆ ಹೊರಟೇಬಿಟ್ಟರು, ಒಂದು ಸಾಲು ಸೇರಿಸಲು.

ಮರುವಾರ ಏಳಕ್ಕೆ ಹೊಸ ತಪಾಸಣೆ ಪುಸ್ತಕ ಬಂತು. ಅಳಿಯಂದಿರು ಬಾಯಿ ಬಿಡಲಿಲ್ಲ. ಆದರೆ ನಾನು ಅಂಗಳದಲ್ಲಿ ನಡೆಯುವ ಹೊತ್ತಿಗೆ ಅದನ್ನು ತೆರೆದು ಮೆಟ್ಟಿಲ ಮೇಲಿಟ್ಟು, ಅತ್ತ ತಿರುಗಿ ಬೋಲ್ಟು ಬಿಗಿಯುತ್ತಾ ನಿಂತರು. ಸಾಲುಗಳನ್ನು ಎಣಿಸಿದೆ. ಹದಿಮೂರು. ಇನ್ನೊಮ್ಮೆ ಎಣಿಸಿದೆ. ಹದಿಮೂರೇ.

ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ.